ಯಾವ ತಾರೀಖಿಗೆ ಹೋಯ್ತಮ್ಮಾ?

ಬಿ-ಸ್ಕೂಲಿನ ಪ್ರವೇಶ ವಿಭಾಗದಿಂದ ಹೊರಹೋಗುವ ಪತ್ರಗಳಲ್ಲಿ ಮೂರೇ ಜಾತಿ. ಸಂದರ್ಶನಕ್ಕೆ ಬನ್ನಿ ಎನ್ನುವುದು, ಸೀಟು ಕೊಟ್ಟಿದ್ದೇವೆ ಶುಲ್ಕ ಕಟ್ಟಿ ಎನ್ನುವುದು, ವಿಷಾದಿಸುತ್ತೇವೆ ಎನ್ನುವುದು. ವೇಯ್ಟಿಂಗ್ ಲಿಸ್ಟ್ ಅಂತ ನಾಲ್ಕನೆಯದೊಂದು ಇದೆ. ಅದು ಕಾಗದಕ್ಕಿಂತ ಬಾಯಲ್ಲೇ ಹೆಚ್ಚು ಓಡಾಡಿತು. ನಾನು ಬೆಂಗಳೂರಿನ ಒಂದು ಮ್ಯಾನೇಜ್‌ಮೆಂಟ್ ಸಂಸ್ಥೆಯ ಪ್ರವೇಶ ವಿಭಾಗಕ್ಕೆ ಟೈಪಿಸ್ಟಾಗಿ ಸೇರಿ, ಅಲ್ಲೇ ಸೂಪರಿಂಟೆಂಡೆಂಟಾಗಿ ನಿವೃತ್ತಳಾದವಳು. ಸಂಸ್ಥೆಯ ಹೆಸರು ಬೇಡ, ಆಗಿನ ಎಲ್ಲ ಸಂಸ್ಥೆಗಳಲ್ಲೂ ಕೆಲಸ ಹೆಚ್ಚುಕಡಿಮೆ ಹೀಗೇ ನಡೆಯುತ್ತಿತ್ತು. ಈ ಓದಿನ ಚರಿತ್ರೆ ಬರೆದವರು ಪ್ರೊಫೆಸರುಗಳ ಬಗ್ಗೆ ಬರೆದಿದ್ದಾರೆ, ಕಟ್ಟಡಗಳ ಬಗ್ಗೆ ಬರೆದಿದ್ದಾರೆ, ಹಳೆಯ ವಿದ್ಯಾರ್ಥಿಗಳ ಸಂಬಳದ ಬಗ್ಗೆಯಂತೂ ಸಾಕುಬೇಕಾಗುವಷ್ಟು ಬರೆದಿದ್ದಾರೆ. ಅರ್ಜಿ ಹಾಕಿ ಕೂತವನಿಗೆ ಉತ್ತರ ಹೇಗೆ ತಲುಪುತ್ತಿತ್ತು ಎಂಬುದನ್ನು ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಮೊದಲು ನಮ್ಮಲ್ಲಿ ಕಾಲೇಜು ಸೇರುವುದಕ್ಕೆ ಪತ್ರದ ಪಾಡೇ ಇರಲಿಲ್ಲ. ಡಿಗ್ರಿ ಕಾಲೇಜಿನವರು ಅಂಕದ ಪ್ರಕಾರ ಪಟ್ಟಿ ಮಾಡಿ ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದರು. ಹುಡುಗ ಹೋಗಿ ನೋಡಿಕೊಂಡು ಬರಬೇಕು. ಹೆಸರಿದ್ದರೆ ಆಫೀಸಿನ ಕಿಟಕಿಗೆ, ಇಲ್ಲದಿದ್ದರೆ ಮನೆಗೆ. ಮ್ಯಾನೇಜ್‌ಮೆಂಟ್ ಓದು ಬಂದಾಗ ಈ ಕ್ರಮ ನಡೆಯಲಿಲ್ಲ. ಜಮ್‌ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ 1949ರದು, ದೆಹಲಿಯ ಎಫ್‌ಎಂಎಸ್ 1954ರದು. 1961ರಲ್ಲಿ ಕಲ್ಕತ್ತ ಮತ್ತು ಅಹಮದಾಬಾದಿನಲ್ಲಿ ಐಐಎಂಗಳು ಶುರುವಾದವು. ಕಲ್ಕತ್ತದ್ದಕ್ಕೆ ಅಮೆರಿಕದ ಎಂಐಟಿಯ ಸ್ಲೋನ್ ಶಾಲೆಯ ನೆರವು, ಅಹಮದಾಬಾದಿನದ್ದಕ್ಕೆ ಹಾರ್ವರ್ಡಿನ ನೆರವು. ಸೀಟು ಕೆಲವೇ, ಅರ್ಜಿ ಮಾತ್ರ ದೇಶದ ಎಲ್ಲ ಮೂಲೆಯಿಂದ. ಅಂಕಪಟ್ಟಿಯೊಂದನ್ನೇ ನಂಬದೆ ಲಿಖಿತ ಪರೀಕ್ಷೆ, ಗುಂಪು ಚರ್ಚೆ, ಸಂದರ್ಶನ ಎಂದು ಹಂತ ಮಾಡಿಕೊಂಡರು. ಗುವಾಹಟಿಯ ಹುಡುಗ ಅಹಮದಾಬಾದಿನ ನೋಟಿಸ್ ಬೋರ್ಡ್ ನೋಡಲು ಬರುವುದುಂಟೇ? ಹಾಗಾಗಿ ಪ್ರತಿ ಹಂತಕ್ಕೂ ಸಂಸ್ಥೆಯೇ ಅವನಿಗೆ ಬರೆಯಬೇಕಾಯಿತು. ಪ್ರವೇಶ ವಿಭಾಗ ಎಂಬುದೊಂದು ಹುಟ್ಟಿದ್ದೇ ಇದಕ್ಕೆ.

ನಮ್ಮ ಊರಿಗೆ ಐಐಎಂ ಬಂದದ್ದು 1973ರಲ್ಲಿ, ಲ್ಯಾಂಗ್‌ಫೋರ್ಡ್ ರಸ್ತೆಯ ಬಾಡಿಗೆ ಕಟ್ಟಡಕ್ಕೆ. ಮೊದಲ ನಿರ್ದೇಶಕರು ಎನ್.ಎಸ್. ರಾಮಸ್ವಾಮಿ. ಮುಂದೆ ಎತ್ತಿನಗಾಡಿಯ ಸುಧಾರಣೆಗೆ ಬಹಳ ದುಡಿದವರು ಅವರೇ. ಮ್ಯಾನೇಜ್‌ಮೆಂಟ್ ಎಂದರೆ ಬರೀ ಸೋಪು ಮಾರುವುದು ಎಂದುಕೊಂಡವರಿಗೆ ಈ ಸಂಗತಿ ಹೇಳಬೇಕು. ಬನ್ನೇರುಘಟ್ಟ ರಸ್ತೆಯಲ್ಲಿ ಬಿ.ವಿ. ದೋಶಿ ವಿನ್ಯಾಸ ಮಾಡಿದ ಕಲ್ಲಿನ ಕ್ಯಾಂಪಸ್ ಆಮೇಲಿನದು. 1980ರಲ್ಲಿ ಮಣಿಪಾಲದಲ್ಲಿ ಶುರುವಾದದ್ದು ಟಿ.ಎ. ಪೈ ಅವರ ಹೆಸರಿನ ಟ್ಯಾಪ್ಮಿ. ಆಮೇಲೆ ಊರೂರಿನಲ್ಲಿ ಎದ್ದವು, ನಾನಿದ್ದದ್ದೂ ಅಂಥದೊಂದರಲ್ಲಿ.

ನಾನು ಸೇರಿದಾಗ ಅರ್ಜಿಯ ಜೊತೆ ಎರಡು ವಸ್ತು ಕಡ್ಡಾಯ: ಡಿಡಿ, ಮತ್ತು ತನ್ನ ವಿಳಾಸ ತಾನೇ ಬರೆದು ಅಂಚೆ ಚೀಟಿ ಹಚ್ಚಿದ ಲಕೋಟೆಗಳು. ಸಂಸ್ಥೆಗೆ ಇದರಿಂದ ಅಂಚೆ ಖರ್ಚೂ ಉಳಿಯಿತು, ವಿಳಾಸ ಟೈಪ್ ಮಾಡುವ ಕೆಲಸವೂ ತಪ್ಪಿತು. ಅಭ್ಯರ್ಥಿಗೆ ಆದದ್ದೇ ಬೇರೆ. ಅಂಚೆಯವನು ತಂದುಕೊಟ್ಟ ಲಕೋಟೆಯ ಮೇಲೆ ತನ್ನದೇ ಅಕ್ಷರ ನೋಡಿದ ಕೂಡಲೇ ಅದು ಎಲ್ಲಿಂದ ಬಂತು ಎಂದು ಮನೆಯವರಿಗೆಲ್ಲ ಗೊತ್ತಾಗುತ್ತಿತ್ತು, ಒಡೆಯುವ ಮೊದಲೇ. ಎಷ್ಟೋ ಜನ ಲಕೋಟೆಯ ಒಂದು ಮೂಲೆಗೆ ಅರಿಶಿನ ಹಚ್ಚಿ ಕಳಿಸಿರುತ್ತಿದ್ದರು. ಅಂಥದರೊಳಗೆ ರಿಗ್ರೆಟ್ ಲೆಟರ್ ತುರುಕುವಾಗ ನಮ್ಮ ಜವಾನ ಬೋರಯ್ಯ ‘ಇದೊಂದು ಬೇರೆ ಕವರಿಗೆ ಹಾಕೋಣ್ವಾ ಅಮ್ಮಾ’ ಎಂದು ಕೇಳಿದ್ದುಂಟು. ಬೇರೆ ಕವರು ಎಲ್ಲಿಂದ ತರುವುದು?

ಪತ್ರಗಳನ್ನು ಒಂದೊಂದಾಗಿ ಟೈಪ್ ಮಾಡುತ್ತಿರಲಿಲ್ಲ. ಟೈಪ್‌ರೈಟರಿನ ರಿಬ್ಬನ್ ತಗ್ಗಿಸಿ, ಬರಿ ಅಚ್ಚಿನ ಪೆಟ್ಟಿನಿಂದ ಮೇಣದ ಹಾಳೆಯ ಮೇಲೆ ಸ್ಟೆನ್ಸಿಲ್ ಕತ್ತರಿಸಬೇಕು. ತಪ್ಪಾದರೆ ಕೆಂಪು ದ್ರಾವಣ ಬಳಿದು, ಊದಿ ಒಣಗಿಸಿ, ಮತ್ತೆ ಅದೇ ಜಾಗಕ್ಕೆ ಹೊಡೆಯಬೇಕು. ಆಮೇಲೆ ಗೆಸ್ಟೆಟ್ನರ್ ಯಂತ್ರದ ಉರುಳೆಗೆ ಸಿಕ್ಕಿಸಿ ಹಿಡಿ ತಿರುಗಿಸಿದರೆ ಪ್ರತಿಗಳು ಬೀಳುತ್ತವೆ. ಹೆಸರಿನ ಜಾಗ, ತಾರೀಖಿನ ಜಾಗ ಖಾಲಿ ಬಿಟ್ಟಿರುತ್ತೇವೆ. ಮತ್ತೆ ಪ್ರತಿ ಹಾಳೆಯನ್ನೂ ಟೈಪ್‌ರೈಟರಿಗೆ ಹಾಕಿ, ಸಾಲಿಗೆ ಸಾಲು ಕೂಡಿಸಿ ಹೆಸರು ತುಂಬುತ್ತೇವೆ. ಎಷ್ಟು ಜಾಗ್ರತೆ ಮಾಡಿದರೂ ಹೆಸರು ಅರ್ಧ ಎಳೆಯಷ್ಟು ಮೇಲೋ ಕೆಳಗೋ ಕೂತು, ಇದು ಸಾವಿರದಲ್ಲೊಂದು ಪತ್ರ ಎಂಬುದನ್ನು ಹೇಳಿಬಿಡುತ್ತಿತ್ತು. ಸಹಿಯೊಂದು ಮಾತ್ರ ಕೈಯದು. ನಮ್ಮ ಪ್ರವೇಶಾಧಿಕಾರಿ ರಾಯರು ರಬ್ಬರ್ ಮುದ್ರೆಯ ಸಹಿಗೆ ಒಪ್ಪಲೇ ಇಲ್ಲ. ‘ಬೇಡ ಅಂತ ಹೇಳೋನು ತನ್ನ ಹೆಸರು ತಾನೇ ಬರೀಬೇಕು’ ಎನ್ನುತ್ತಿದ್ದರು. ರಾತ್ರಿ ಎಂಟರವರೆಗೂ ಕೂತು ಸಹಿ ಹಾಕುತ್ತಿದ್ದರು, ಕೊನೆಕೊನೆಗೆ ಅವರ ಸಹಿ ಬರೀ ಒಂದು ಅಡ್ಡಗೆರೆಯಾಗುತ್ತಿತ್ತು.

ಸಹಿಯಾದ ಮೇಲೆ ರವಾನೆ ಪುಸ್ತಕ. ಕ್ರಮಸಂಖ್ಯೆ, ತಾರೀಖು, ಯಾರಿಗೆ, ಯಾವ ಊರು, ಅಂಚೆಯ ಬಗೆ. ಸೀಟಿನ ಪತ್ರ ರಿಜಿಸ್ಟರ್ಡ್ ಪೋಸ್ಟಿನಲ್ಲಿ, ಸ್ವೀಕೃತಿ ಚೀಟಿ ವಾಪಸು ಬರುವ ಹಾಗೆ. ಸಂದರ್ಶನದ ಪತ್ರ ಯುಪಿಸಿಯಲ್ಲಿ. ಈಗಿನವರಿಗೆ ಯುಪಿಸಿ ಗೊತ್ತಿರಲಾರದು, 2011ರಲ್ಲಿ ಅಂಚೆ ಇಲಾಖೆ ಅದನ್ನು ನಿಲ್ಲಿಸಿತು. ವಿಳಾಸಗಳ ಪಟ್ಟಿ ಬರೆದು, ಸಣ್ಣ ಮೊತ್ತದ ಚೀಟಿ ಹಚ್ಚಿ ಕೊಟ್ಟರೆ ಅಂಚೆ ಕಚೇರಿಯವರು ಪಟ್ಟಿಯ ಮೇಲೆ ಮುದ್ರೆ ಒತ್ತಿ ವಾಪಸು ಕೊಡುತ್ತಿದ್ದರು. ಪತ್ರ ಅಂಚೆಗೆ ಬಿತ್ತು ಎಂಬುದಕ್ಕೆ ಅದು ಸಾಕ್ಷಿ, ತಲುಪಿತು ಎಂಬುದಕ್ಕಲ್ಲ. ಸಂದರ್ಶನದ ದಿನ ಕಳೆದ ಮೇಲೆ ಪತ್ರ ಸಿಕ್ಕಿತೆಂದು ಬೀದರಿನಿಂದಲೋ ಕಾರವಾರದಿಂದಲೋ ಹುಡುಗ ಬಂದು ನಿಂತರೆ ಆ ಮುದ್ರೆಯ ಪಟ್ಟಿ ತೋರಿಸಿ ಕೈ ತೊಳೆದುಕೊಳ್ಳಬಹುದಿತ್ತು. ಕೆಲವು ಕಡೆ ತೊಳೆದುಕೊಂಡರು ಕೂಡ. ರಾಯರಿದ್ದಷ್ಟು ದಿನ ನಮ್ಮಲ್ಲಿ ಕೊನೆಯ ದಿನದ ಸಂಜೆಯನ್ನು ಇಂಥವರಿಗೆಂದೇ ಖಾಲಿ ಇಡುತ್ತಿದ್ದೆವು. ಹೊತ್ತು ಮೀರಿದ ಟಪಾಲನ್ನು ಬೋರಯ್ಯ ಸೈಕಲ್ಲಿನಲ್ಲಿ ಸಿಟಿ ಸ್ಟೇಷನ್ನಿನ ರೈಲ್ವೆ ಅಂಚೆ ವಿಭಾಗ ಆರ್‌ಎಂಎಸ್‌ಗೆ ಒಯ್ದು, ರಾತ್ರಿಯ ರೈಲಿಗೆ ಸೇರಿಸಿ ಬರುತ್ತಿದ್ದ.

ಈಗ ಅಪ್ಪಂದಿರ ವಿಷಯಕ್ಕೆ ಬರುತ್ತೇನೆ. ಅಭ್ಯರ್ಥಿಗಳಿಗಿಂತ ನಮಗೆ ಹೆಚ್ಚು ಪರಿಚಯವಾದವರು ಅವರೇ. ಮನೆಯಲ್ಲಿ ಫೋನು ಇಲ್ಲದ ಕಾಲ. ಅರ್ಜಿಯಲ್ಲಿ ದೂರವಾಣಿ ಸಂಖ್ಯೆಯ ಎದುರು ‘ಪಿಪಿ’ ಎಂದು ಬರೆದು ಪಕ್ಕದ ಮನೆಯವರ ಇಲ್ಲವೇ ಕೆಳಗಿನ ಅಂಗಡಿಯ ನಂಬರು ಕೊಟ್ಟಿರುತ್ತಿದ್ದರು. ನಾವು ಆ ನಂಬರಿಗೆ ಮಾಡುವುದು ಅಪರೂಪ, ಅವರು ನಮಗೆ ಮಾಡುವುದು ದಿನಾ. ಟ್ರಂಕ್ ಕಾಲ್, ಆಮೇಲೆ ಎಸ್‌ಟಿಡಿ ಬೂತಿನಿಂದ. ‘ಅಮ್ಮಾ, ನಮ್ಮ ಹುಡುಗಂದು ಏನಾಯ್ತು ಅಂತ ಸ್ವಲ್ಪ ನೋಡಿ ಹೇಳಿ ತಾಯೀ.’ ಹಿಂದಿನಿಂದ ಬೂತಿನ ಮೀಟರು ಟಿಕ್ ಟಿಕ್ ಅನ್ನುವುದು ಕೇಳಿಸುತ್ತಿತ್ತು. ಫಲಿತಾಂಶ ಫೋನಿನಲ್ಲಿ ಹೇಳಬಾರದೆಂದು ರಾಯರ ಕಟ್ಟಪ್ಪಣೆ. ದನಿ ಕೇಳಿ ಇಂಥವರೇ ಎಂದು ಹೇಗೆ ನಂಬುವುದು? ಪತ್ರ ಹೋಗಿದೆಯೇ ಇಲ್ಲವೇ, ರವಾನೆಯ ತಾರೀಖೇನು, ಇಷ್ಟು ಹೇಳಬಹುದು ಅಂದರು.

ಇಷ್ಟೇ ಸಾಕಾಯಿತು ಅಪ್ಪಂದಿರಿಗೆ. ನಮ್ಮಲ್ಲಿ ಸೀಟಿನ ಪತ್ರ ಮೊದಲು ಹೋಗುತ್ತಿತ್ತು, ವಿಷಾದದ ಪತ್ರ ವಾರವೋ ಹದಿನೈದು ದಿನವೋ ಆದ ಮೇಲೆ. ಇದನ್ನು ಯಾರು ಮೊದಲು ಲೆಕ್ಕ ಹಾಕಿದರೋ, ಒಂದು ವರ್ಷ ಎಲ್ಲರೂ ಒಂದೇ ಪ್ರಶ್ನೆ ಕೇಳತೊಡಗಿದರು: ‘ಯಾವ ತಾರೀಖಿಗೆ ಹೋಯ್ತಮ್ಮಾ?’ ನಾನು ತಾರೀಖು ಹೇಳುತ್ತಿದ್ದೆ. ಆ ಕಡೆ ಒಂದು ಕ್ಷಣ ಮಾತಿಲ್ಲ, ಆಮೇಲೆ ‘ಸಂತೋಷ’ ಅಥವಾ ‘ಆಗಲಿ ಬಿಡಿ’. ನಾನು ಏನೂ ಹೇಳಿರಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟಿದ್ದೆ. ವಿಷಯ ರಾಯರ ಕಿವಿಗೆ ಬಿದ್ದ ಮೇಲೆ ಎರಡೂ ಬಗೆಯ ಪತ್ರ ಒಂದೇ ದಿನ ಹೋಗಬೇಕೆಂದು ಆಜ್ಞೆಯಾಯಿತು. ನಿರ್ದೇಶಕರು ಒಪ್ಪಲಿಲ್ಲ.

ಅವರು ಒಪ್ಪದಿರಲು ಕಾರಣವಿತ್ತು, ಅದೇ ಇಡೀ ವ್ಯವಹಾರದ ಕೀಲಿ. ಸೀಟು ಕೊಟ್ಟವರೆಲ್ಲ ಬರುವುದಿಲ್ಲ. ಒಳ್ಳೆಯ ಹುಡುಗನ ಕೈಯಲ್ಲಿ ಎರಡು ಮೂರು ಸಂಸ್ಥೆಯ ಪತ್ರ ಇರುತ್ತವೆ. ನಮ್ಮಲ್ಲಿ ಶುಲ್ಕ ಕಟ್ಟಿ, ಐಐಎಂನಿಂದ ಕರೆ ಬಂದ ದಿನ ಬಿಟ್ಟುಹೋಗುತ್ತಾನೆ. ಆ ಖಾಲಿ ಜಾಗ ತುಂಬಲು ಮಧ್ಯದ ಒಂದು ಗುಂಪನ್ನು ಹೌದು ಅನ್ನದೆ, ಇಲ್ಲ ಅನ್ನದೆ ಹಿಡಿದಿಟ್ಟುಕೊಳ್ಳಬೇಕು. ಬೇಗ ಬೇಡ ಎಂದುಬಿಟ್ಟರೆ ಸೀಟು ಖಾಲಿ ಉಳಿಯುತ್ತದೆ, ಜೊತೆಗೆ ಎರಡು ವರ್ಷದ ಶುಲ್ಕವೂ ಹೋಯಿತು. ಹುಡುಗರು ಬಿಟ್ಟುಹೋಗದ ಹಾಗೆ ಮೂಲ ಅಂಕಪಟ್ಟಿಗಳನ್ನೇ ಇಟ್ಟುಕೊಳ್ಳುವ ಕೆಟ್ಟ ಚಾಳಿ ಬೆಳೆದದ್ದೂ ಇದೇ ಲೆಕ್ಕಾಚಾರದಿಂದ. 2007ರಲ್ಲಿ ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇ ಅದು ಕೂಡದೆಂದು, ತರಗತಿ ಶುರುವಾಗುವ ಮುಂಚೆ ಬಿಟ್ಟವರಿಗೆ ಸಣ್ಣ ಮೊತ್ತ ಮಾತ್ರ ಹಿಡಿದುಕೊಂಡು ಉಳಿದ ಶುಲ್ಕ ಮರಳಿಸಬೇಕೆಂದು ಪ್ರಕಟಣೆ ಹೊರಡಿಸಬೇಕಾಯಿತು. ಕಾಯುವ ಭಾರವನ್ನು ಸಂಸ್ಥೆ ತಾನು ಹೊರದೆ ಅಭ್ಯರ್ಥಿಯ ಹೆಗಲಿಗೆ ದಾಟಿಸುವ ಉಪಾಯವೇ ವೇಯ್ಟಿಂಗ್ ಲಿಸ್ಟು. ನೌಕರಿಯಲ್ಲಿದ್ದಾಗ ಹೀಗೆ ಹೇಳಲು ಬಾಯಿ ಬರಲಿಲ್ಲ, ಈಗ ಹೇಳುತ್ತೇನೆ.

ಆ ಪಟ್ಟಿಯವರಿಗೆ ಸೀಟು ಸಿಕ್ಕಾಗ ಹೋಗುತ್ತಿದ್ದದ್ದು ಟೆಲಿಗ್ರಾಂ. ರಾಜಭವನ ರಸ್ತೆಯ ಕೇಂದ್ರ ತಂತಿ ಕಚೇರಿಗೆ ಬೋರಯ್ಯನನ್ನು ಅಟ್ಟುತ್ತಿದ್ದೆವು. ಪದಕ್ಕಿಷ್ಟು ಅಂತ ದುಡ್ಡು, ವಿಳಾಸದ ಪದಗಳೂ ಲೆಕ್ಕಕ್ಕೆ. ಹಾಗಾಗಿ ಅಭಿನಂದನೆಗೆ ಜಾಗವಿಲ್ಲ: ಸೀಟು ಇದೆ, ಇಂಥ ದಿನದೊಳಗೆ ಡಿಡಿ ತನ್ನಿ, ಪತ್ರ ಹಿಂದೆ ಬರುತ್ತದೆ, ಅಷ್ಟೇ. ಹಳ್ಳಿಯ ಕಡೆ ಟೆಲಿಗ್ರಾಂ ಬಂತೆಂದರೆ ಸಾವಿನ ಸುದ್ದಿಯೇ ಎಂದು ಹೆದರುತ್ತಿದ್ದ ಕಾಲ. ಹಾಸನದ ಕಡೆಯ ಒಬ್ಬ ಹುಡುಗಿ ಸೀಟು ತೆಗೆದುಕೊಳ್ಳಲು ಬಂದಾಗ, ತಂತಿ ಓದುವ ಮೊದಲೇ ಅಜ್ಜಿ ಅಳಲು ಶುರುಮಾಡಿದ್ದರು, ಸೀಟು ಎಂದು ಗೊತ್ತಾದ ಮೇಲೆ ಇನ್ನೂ ಜೋರಾಗಿ ಅತ್ತರು ಎಂದು ನಕ್ಕಳು. ಮೊಮ್ಮಗಳು ಬೆಂಗಳೂರಿಗೆ ಹೋಗುತ್ತಾಳಲ್ಲ ಎಂದು. 2013ರ ಜುಲೈಯಲ್ಲಿ ದೇಶದ ತಂತಿ ಸೇವೆ ನಿಂತಾಗ ಪತ್ರಿಕೆಗಳಲ್ಲಿ ಬಂದ ನೆನಪುಗಳಲ್ಲಿ ಹುಟ್ಟು ಸಾವು ಮದುವೆಗಳೇ ತುಂಬಿದ್ದವು. ಸೀಟಿನ ತಂತಿಗಳನ್ನು ನೆನೆದವರು ಕಾಣಲಿಲ್ಲ.

ಶಿಫಾರಸು ಪತ್ರಗಳೂ ಬರುತ್ತಿದ್ದವು. ಮಂತ್ರಿಗಳ ಲೆಟರ್‌ಹೆಡ್ಡಿನದು, ಮಠದ್ದು, ಬ್ಯಾಂಕಿನ ದೊಡ್ಡವರದು. ಅದಕ್ಕೆಂದೇ ಒಂದು ಕಡತವಿತ್ತು. ಅದರ ಬಗ್ಗೆ ಇಷ್ಟು ಸಾಕು.

ವಿಷಾದದ ಪತ್ರದ ಒಕ್ಕಣೆಗೆ ಪ್ರತಿ ವರ್ಷ ಜಗಳ. ಪ್ರೊಫೆಸರೊಬ್ಬರು ಉದ್ದಕ್ಕೆ ಬರೆದುಕೊಡುತ್ತಿದ್ದರು: ಅರ್ಜಿಗಳ ಮಟ್ಟ ಅತ್ಯುನ್ನತವಾಗಿತ್ತು, ನಿಮ್ಮ ಯೋಗ್ಯತೆಯ ಬಗ್ಗೆ ಇದು ತೀರ್ಪಲ್ಲ, ಹೀಗೆ. ರಾಯರು ಅದರಲ್ಲಿ ಮೂರು ಸಾಲು ಉಳಿಸಿ ಮಿಕ್ಕಿದ್ದು ಹೊಡೆದುಹಾಕುತ್ತಿದ್ದರು. ನನಗೂ ಚಿಕ್ಕದೇ ಸರಿಯೆನ್ನಿಸುತ್ತದೆ. ಸೀಟು ಸಿಗದವನು ಓದುವುದು ಮೊದಲ ಸಾಲನ್ನು ಮಾತ್ರ. ಆದರೆ ಆ ಮೂರು ಸಾಲು ಅವನಿಗೆ ಬಹಳ ಉಪಕಾರ ಮಾಡುತ್ತಿತ್ತು. ಬ್ಯಾಂಕಿನ ನೌಕರಿಗೆ ಹೂಂ ಅನ್ನಬಹುದು, ಮದುವೆ ಮಾತು ಮುಂದುವರಿಸಬಹುದು, ಅಪ್ಪ ಸಾಲಕ್ಕೆಂದು ತೆಗೆದಿಟ್ಟಿದ್ದ ಜಮೀನಿನ ಕಾಗದ ಪೆಟ್ಟಿಗೆಗೆ ವಾಪಸು ಹೋಗಬಹುದು. ವರ್ಷ ಕಳೆದ ಮೇಲೂ ಆ ಪತ್ರದ ನಕಲು ಕೇಳಿಕೊಂಡು ಬಂದವರಿದ್ದರು. ಅರ್ಜಿ ಹಾಕಿದ್ದೆ ಎಂದು ಮನೆಯಲ್ಲಿ ತೋರಿಸಬೇಕಂತೆ.

ಹೊರದೇಶಕ್ಕೆ ಅರ್ಜಿ ಹಾಕಿದವರ ಕಾಯುವಿಕೆಗೆ ಬೇರೆಯದೇ ಲಕ್ಷಣವಿತ್ತು. ಅಮೆರಿಕದ ಶಾಲೆಗಳು 1954ರಿಂದಲೇ ಒಂದು ಸಾಮಾನ್ಯ ಪರೀಕ್ಷೆ ಇಟ್ಟುಕೊಂಡಿದ್ದವು, 1976ರಲ್ಲಿ ಅದಕ್ಕೆ ಜಿಮ್ಯಾಟ್ ಎಂದು ಹೆಸರಾಯಿತು. ಅಲ್ಲಿಂದ ಬರುವ ಲಕೋಟೆ ದಪ್ಪಗಿದ್ದರೆ ಸೀಟು, ತೆಳ್ಳಗಿದ್ದರೆ ಇಲ್ಲ. ವೀಸಾಕ್ಕೆ ಬೇಕಾದ ಐ-20 ನಮೂನೆ, ಹಾಸ್ಟೆಲ್ಲಿನ ಅರ್ಜಿ, ಲಸಿಕೆಯ ಪಟ್ಟಿ ಎಲ್ಲ ಸೇರಿ ಸೀಟಿನ ಲಕೋಟೆ ಊದಿಕೊಂಡಿರುತ್ತಿತ್ತು. ಬಸವನಗುಡಿ, ಜಯನಗರದ ಅಂಚೆಯವರಿಗೆ ಇದು ಚೆನ್ನಾಗಿ ಗೊತ್ತು. ತೆಳು ಲಕೋಟೆಯನ್ನು ಗೇಟಿನ ಡಬ್ಬಿಗೆ ಹಾಕಿ ಹೋಗುವವರು, ದಪ್ಪದ್ದಿದ್ದರೆ ಬಾಗಿಲು ಬಡಿದು ಕೈಗೇ ಕೊಟ್ಟು ನಿಲ್ಲುತ್ತಿದ್ದರು. ಇನಾಮು ಇಸ್ಕೊಳ್ಳದೆ ಹೋದದ್ದಿಲ್ಲ.

ಪ್ರವೇಶದ ಕೆಲಸ ಕಂಪ್ಯೂಟರಿಗೆ ಬಂದ ಮೇಲೂ ಅಪ್ಪಂದಿರ ತಾರೀಖಿನ ಉಪಾಯ ಸಾಯಲಿಲ್ಲ, ಸಮುದ್ರ ದಾಟಿತು ಅಷ್ಟೆ. 2005ರ ಮಾರ್ಚಿನಲ್ಲಿ ಹಾರ್ವರ್ಡ್ ಮೊದಲಾದ ಹಲವು ಬಿ-ಸ್ಕೂಲುಗಳ ಅರ್ಜಿಗಳು ಅಪ್ಲೈಯುವರ್‌ಸೆಲ್ಫ್ ಎಂಬ ಒಂದೇ ಕಂಪನಿಯ ತಾಣದಲ್ಲಿದ್ದವು. ವಿಳಾಸದ ಸಾಲಿನಲ್ಲಿ ಸ್ವಲ್ಪ ಬದಲಾಯಿಸಿದರೆ ತನ್ನ ತೀರ್ಮಾನದ ಪುಟ ಮೊದಲೇ ಕಾಣುತ್ತದೆಂದು ಯಾರೋ ಕಂಡುಹಿಡಿದು ಹಂಚಿಬಿಟ್ಟರು. ಕೆಲವೇ ಗಂಟೆ ಬಾಗಿಲು ತೆರೆದಿತ್ತು. ಇಣುಕಿದ ಬಹಳ ಮಂದಿಗೆ ಕಂಡದ್ದು ಖಾಲಿ ಪುಟ. ಹಾರ್ವರ್ಡ್ ಇಣುಕಿದ 119 ಜನರ ಅರ್ಜಿಯನ್ನೂ ತಳ್ಳಿಹಾಕಿತು. ಎಂಐಟಿಯ ಸ್ಲೋನ್ ಕೂಡ ಹಾಗೇ ಮಾಡಿತು. ಡಾರ್ಟ್‌ಮೌತಿನ ಟಕ್ ಶಾಲೆ ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ನೋಡಿ ತೀರ್ಮಾನಿಸಿತು. ಇಣುಕಿದ್ದು ತಪ್ಪೇ, ಒಪ್ಪುತ್ತೇನೆ. ಆದರೂ ನಾನಿದ್ದರೆ ಟಕ್‌ನವರ ಪಕ್ಷ. ತೀರ್ಮಾನ ಸಿದ್ಧ ಮಾಡಿಟ್ಟುಕೊಂಡು ವಾರಗಟ್ಟಲೆ ಬೀಗ ಹಾಕಿ ಕೂತವರಿಗೆ, ಬೀಗವನ್ನು ಸರಿಯಾಗಿ ಹಾಕುವ ಹೊಣೆಯೂ ಇರುತ್ತದೆ.

ಐಐಎಂ ಪ್ರವೇಶಕ್ಕೆ ನಡೆಯುವ ನಮ್ಮ ಕ್ಯಾಟ್ ಪರೀಕ್ಷೆಗೂ ಅದಕ್ಕೆ ಸ್ವಲ್ಪ ಮುಂಚೆ ಕೇಡು ಬಂದಿತ್ತು. 2003ರ ನವೆಂಬರ್ 23ರಂದು ನಡೆದ ಪರೀಕ್ಷೆಯ ಪತ್ರಿಕೆ ಸೋರಿಕೆಯಾಗಿ ರದ್ದಾಯಿತು. ಲಕ್ಷಕ್ಕೂ ಮಿಕ್ಕ ಜನ 2004ರ ಫೆಬ್ರುವರಿ 15ರಂದು ಮತ್ತೆ ಬರೆದರು. ಕ್ಯಾಟ್ ಅಂಕವನ್ನೇ ನಂಬಿಕೊಂಡಿದ್ದ ನಮ್ಮಂಥ ಸಂಸ್ಥೆಗಳ ಸಂದರ್ಶನವೆಲ್ಲ ಮುಂದೆ ಹೋಯಿತು. ಆ ವರ್ಷ ಬಂದಷ್ಟು ಫೋನು ಯಾವ ವರ್ಷವೂ ಬಂದಿಲ್ಲ, ಹೇಳಲು ನಮಗೂ ಏನೂ ಇರಲಿಲ್ಲ. 2009ರಿಂದ ಪರೀಕ್ಷೆ ಕಂಪ್ಯೂಟರಿಗೆ ಬಂತು. ಮೊದಲ ವರ್ಷವೇ ಎಷ್ಟೋ ಕೇಂದ್ರಗಳಲ್ಲಿ ಯಂತ್ರ ಕೈಕೊಟ್ಟು ಕೆಲವರು ಮತ್ತೆ ಬರೆಯಬೇಕಾಯಿತು.

ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ಬಂದದ್ದು ಮಾಹಿತಿ ಹಕ್ಕಿನ ಕಾಯ್ದೆಯಿಂದ ಎಂದು ನನ್ನ ಎಣಿಕೆ. ಕಾಯ್ದೆ 2005ರದು. ಎರಡು ವರ್ಷದಲ್ಲೇ ಬೆಂಗಳೂರಿನ ಅಭ್ಯರ್ಥಿಯೊಬ್ಬರು, ಕ್ಯಾಟ್‌ನಲ್ಲಿ ಒಳ್ಳೆಯ ಅಂಕವಿದ್ದರೂ ಐಐಎಂ ಬೆಂಗಳೂರಿನಿಂದ ಕರೆ ಬರಲಿಲ್ಲವೇಕೆ ಎಂದು ಕೇಳಿದರು. ಪ್ರಕರಣ ಕೇಂದ್ರ ಮಾಹಿತಿ ಆಯೋಗದವರೆಗೂ ಹೋಗಿ, ಆಯ್ಕೆಯ ಮಾನದಂಡವನ್ನು ಬಹಿರಂಗಪಡಿಸಬೇಕಾಯಿತು. ಹತ್ತನೆಯ ತರಗತಿ, ಪಿಯುಸಿಯ ಅಂಕಗಳಿಗೂ ಅಲ್ಲಿ ತೂಕವಿದೆ ಎಂದು ಊರಿಗೆಲ್ಲ ಗೊತ್ತಾದದ್ದು ಆಗ. ಈಗ ಐಐಎಂಗಳು ಯಾವುದಕ್ಕೆ ಎಷ್ಟು ಅಂಕ ಎಂಬುದನ್ನು ತಮ್ಮ ತಾಣದಲ್ಲೇ ಹಾಕುತ್ತವೆ. ಅಲ್ಲಿಯವರೆಗೆ ನಮ್ಮ ಕಿಟಕಿಗೆ ಬಂದ ಅಪ್ಪಂದಿರು ಕೇಳಿದ್ದು ‘ಸಿಕ್ಕಿತೇ’ ಎಂದು. ‘ಏಕೆ ಸಿಗಲಿಲ್ಲ’ ಎಂದು ಕೇಳಿದವರಿಗೆ ಸಮಿತಿಯ ತೀರ್ಮಾನ ಎನ್ನುವುದರಾಚೆ ನಾವು ಏನೂ ಹೇಳಿದ್ದಿಲ್ಲ, ಹೇಳಬೇಕೆಂದು ನಮಗೆ ಹೊಳೆದೂ ಇರಲಿಲ್ಲ.

ನನ್ನ ಕೊನೆಯ ವರ್ಷಗಳಲ್ಲಿ ರವಾನೆ ಪುಸ್ತಕ ಬೀರು ಸೇರಿತು. ಇಮೇಲ್, ಎಸ್ಎಂಎಸ್, ಆಮೇಲೆ ಲಾಗಿನ್ ಪುಟ. ಬೀದರಿನ ಹುಡುಗನಿಗೂ ಬನಶಂಕರಿಯ ಹುಡುಗನಿಗೂ ಒಂದೇ ಗಳಿಗೆಯಲ್ಲಿ ಸುದ್ದಿ ಮುಟ್ಟುತ್ತದೆ. ಇದನ್ನು ಹಳಿಯುವವಳು ನಾನಲ್ಲ. ಸಂದರ್ಶನ ಮುಗಿದ ಮೇಲೆ ಕೈಗೆ ಸಿಕ್ಕ ಕಾಲ್ ಲೆಟರ್ ಹಿಡಿದು ಬಂದವನ ಮುಖ ನೋಡಿದವರು ಹಳೆಯ ಅಂಚೆಯನ್ನು ಹಾಡಿ ಹೊಗಳಲಾರರು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನೂ ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದರು. ನನಗೇನೂ ಸಂಕಟವಾಗಲಿಲ್ಲ.

ನನ್ನ ತಕರಾರು ಇರುವುದು ವಿಷಾದದ ಪತ್ರದ ಬಗ್ಗೆ. ಸೀಟಿನ ಸುದ್ದಿ ಮೂರು ದಾರಿಯಲ್ಲಿ ಬರುತ್ತದೆ, ಬಣ್ಣದ ಚಿತ್ರದ ಸಮೇತ, ಫೋನು ಮಾಡಿ ಶುಲ್ಕ ಕಟ್ಟಿದಿರಾ ಎಂದು ಕೇಳುವ ಹುಡುಗಿಯ ಸಮೇತ. ಸಿಗದವನಿಗೆ ಎಷ್ಟೋ ಕಡೆಯಿಂದ ಏನೂ ಬರುವುದಿಲ್ಲ. ಪುಟ ತೆರೆದಾಗಲೆಲ್ಲ ‘ಪರಿಶೀಲನೆಯಲ್ಲಿದೆ’ ಎಂದಿರುತ್ತದೆ, ತರಗತಿ ಶುರುವಾದ ಮೇಲೂ. ನಮ್ಮ ಬೀದಿಯ ಹುಡುಗನೊಬ್ಬ ಮೊನ್ನೆ ಮೊಬೈಲ್ ತಂದು ತೋರಿಸಿದ, ‘ಆಂಟಿ, ನೀವು ಇದರಲ್ಲೇ ಇದ್ದವರಲ್ವಾ, ಇದರರ್ಥ ಏನು?’ ಎಂದು. ಅರ್ಥ ನನಗೆ ಗೊತ್ತು. ಸಾವಿರಾರು ರೂಪಾಯಿ ಅರ್ಜಿ ಶುಲ್ಕ ಇಸಿದುಕೊಂಡವರಿಗೆ ಬೇಡ ಎನ್ನಲು ಮೂರು ಸಾಲು ಬರೆಯುವ ಪುರುಸೊತ್ತಿಲ್ಲ. ಈಗ ಸ್ಟೆನ್ಸಿಲ್ ಕತ್ತರಿಸಬೇಕಾಗಿಲ್ಲ, ಅಂಚೆ ಚೀಟಿ ನೆಕ್ಕಬೇಕಾಗಿಲ್ಲ, ಬೋರಯ್ಯನ ಸೈಕಲ್ಲೂ ಬೇಕಿಲ್ಲ.

ಪ್ರವೇಶ ವಿಭಾಗದಲ್ಲಿ ಈಗ ಕೂತಿರುವವರಲ್ಲಿ ನನ್ನ ಕೈಕೆಳಗೆ ಕಲಿತವರೂ ಇದ್ದೀರಿ. ಅರ್ಜಿ ಕರೆಯುವ ಪ್ರಕಟಣೆಯಲ್ಲೇ ಉತ್ತರ ಕೊಡುವ ತಾರೀಖನ್ನೂ ಅಚ್ಚು ಹಾಕಿಸಿ. ವೇಯ್ಟಿಂಗ್ ಲಿಸ್ಟಿನಲ್ಲಿ ಇರುವವನಿಗೆ ಅವನ ಕ್ರಮಸಂಖ್ಯೆ ಎಷ್ಟು, ಪಟ್ಟಿ ಯಾವ ದಿನ ಮುಚ್ಚುತ್ತದೆ ಎಂದು ತಿಳಿಸಿ. ಸೀಟು ಸಿಗದವನಿಗೂ ಅದೇ ದಿನ ಮೂರು ಸಾಲು ಬರೆದು, ಕೆಳಗೆ ನಿಮ್ಮ ಹೆಸರು ಹಾಕಿ.